ಬೊಜ್ಜು: ಬಾಯಿ ಕಟ್ಟಿದರೆ ಸಾಕೇ?

ಎಲ್ಲರಿಗೂ ನಮಸ್ಕಾರ.

‘ಬಾಯಿ ಕಟ್ಟಿ, ಮೈ ಬಗ್ಗಿಸಿ, ತೂಕ ತಾನಾಗಿ ಇಳಿಯುತ್ತೆ.’ ದಪ್ಪಗಿರುವವರಿಗೆ ಈ ಉಪದೇಶ ಪುಕ್ಕಟೆ ಸಿಗುತ್ತಲೇ ಇರುತ್ತದೆ. ಅದರಲ್ಲಿ ಸುಳ್ಳೇನಿಲ್ಲ. ತಿಂದದ್ದು ಖರ್ಚಾಗದೆ ಉಳಿದರೆ ಕೊಬ್ಬಾಗುತ್ತದೆ. ಆದರೆ ಅಷ್ಟೇ ತಿಂದ ಇನ್ನೊಬ್ಬರು ಯಾಕೆ ಅಷ್ಟು ದಪ್ಪಗಾಗುವುದಿಲ್ಲ?

ಕೆನಡಾದ ಕ್ಲಾಡ್ ಬುಶಾರ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿ 1990ರಲ್ಲಿ ಫಲಿತಾಂಶ ಪ್ರಕಟಿಸಿದರು. 12 ಜೋಡಿ ತದ್ರೂಪಿ ಅವಳಿ ಯುವಕರು. 100 ದಿನಗಳಲ್ಲಿ 84 ದಿನ, ದಿನಕ್ಕೆ 1000 ಕ್ಯಾಲೊರಿ ಜಾಸ್ತಿ ಊಟ. ಒಬ್ಬನ ತೂಕ 4 ಕಿಲೋ ಚಿಲ್ಲರೆ ಏರಿತು, ಮತ್ತೊಬ್ಬನದು 13 ಕಿಲೋ ದಾಟಿತು. ಆದರೆ ಒಂದೇ ಜೋಡಿಯೊಳಗೆ ಅಣ್ಣನ ತೂಕ ಎಷ್ಟು ಏರಿತೋ, ತಮ್ಮನದೂ ಹೆಚ್ಚುಕಮ್ಮಿ ಅದರ ಹತ್ತಿರವೇ ಇತ್ತು. ಮೈಯ ಯಾವ ಭಾಗದಲ್ಲಿ ಕೊಬ್ಬು ಕೂತಿತು ಎನ್ನುವುದರಲ್ಲೂ ಇಂಥದೇ ಹೋಲಿಕೆ.

ಹಾಗಾದರೆ ಎಲ್ಲಾ ವಂಶವಾಹಿಯ ಆಟವೇ? ಅಲ್ಲ. 1990ರಿಂದ 2022ರ ಹೊತ್ತಿಗೆ ಜಗತ್ತಿನ ವಯಸ್ಕರಲ್ಲಿ ಬೊಜ್ಜಿನ ಪ್ರಮಾಣ ದುಪ್ಪಟ್ಟು ದಾಟಿದೆ. ವಂಶವಾಹಿಗಳು ಅಷ್ಟು ಬೇಗ ಬದಲಾಗುವುದಿಲ್ಲ ಅಲ್ವಾ? ಬದಲಾದದ್ದು ನಮ್ಮ ಸುತ್ತಮುತ್ತ.

ಇಲ್ಲಿ ನನಗೆ ತುಂಬಾ ಇಷ್ಟವಾಗುವುದು ಅಮೆರಿಕದ ಕೆವಿನ್ ಹಾಲ್ ತಂಡದ 2019ರ ಅಧ್ಯಯನ. 20 ಜನರನ್ನು ಆಸ್ಪತ್ರೆಯಲ್ಲೇ ಉಳಿಸಿಕೊಂಡು, ಎರಡು ವಾರ ಕಾರ್ಖಾನೆಯ ಸಿದ್ಧ ಆಹಾರ, ಎರಡು ವಾರ ಹೆಚ್ಚು ಸಂಸ್ಕರಿಸದ ಊಟ ಕೊಟ್ಟರು. ಮುಂದಿಟ್ಟ ಊಟದಲ್ಲಿ ಸಕ್ಕರೆ, ಕೊಬ್ಬು, ಉಪ್ಪು, ನಾರು ಎಲ್ಲಾ ಸರಿಸಮ. ಬೇಕಾದಷ್ಟು ತಿನ್ನಿ ಎಂದರು. ಸಿದ್ಧ ಆಹಾರದ ದಿನಗಳಲ್ಲಿ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು, ತೂಕ ಸುಮಾರು 1 ಕಿಲೋ ಏರಿತು. ಇನ್ನೊಂದು ಊಟದಲ್ಲಿ ಅಷ್ಟೇ ಇಳಿಯಿತು. ತಮಾಷೆಯೆಂದರೆ, ಎರಡೂ ಒಂದೇ ತರ ಹಿಡಿಸಿತು ಎಂದಿದ್ದರು! ಸಣ್ಣ ಅಧ್ಯಯನ, ನಿಜ. ಆದರೂ ಇದನ್ನು ಆಸೆಬುರುಕತನ ಅನ್ನೋದು ಕಷ್ಟ.

ಏರಿದ ತೂಕವನ್ನು ಇಳಿಸಹೊರಟರೆ ದೇಹವೇ ಅಡ್ಡ ನಿಲ್ಲುತ್ತದೆ. ಕೊಬ್ಬು ಕರಗಿದಂತೆ ಲೆಪ್ಟಿನ್ ಎಂಬ ಹಾರ್ಮೋನು ಕಡಿಮೆಯಾಗಿ ಹಸಿವು ಹೆಚ್ಚುತ್ತದೆ. ಹೊಸ ಔಷಧಿಗಳು ಹಸಿವನ್ನು ತಗ್ಗಿಸುತ್ತವೆ, ಆದರೆ ನಿಲ್ಲಿಸಿದರೆ ತೂಕ ಬಹುಪಾಲು ಮರಳುತ್ತದೆ. ಅದಕ್ಕೇ ಮೊದಲೇ ತಡೆಯಬೇಕು ಎನ್ನುವುದು. ತಡೆಯುವವರು ಯಾರು? ತಿನ್ನುವವರೊಬ್ಬರೇ ಅಲ್ಲ ಎಂಬುದು ನನ್ನ ಮಾತು.

ಬ್ರಿಟನ್ 2016ರಲ್ಲಿ ತಂಪು ಪಾನೀಯಗಳ ಮೇಲೆ ಸಕ್ಕರೆ ತೆರಿಗೆ ಘೋಷಿಸಿತು. 100 ಮಿಲಿಲೀಟರಿಗೆ 5 ಗ್ರಾಂ ಸಕ್ಕರೆ ಮುಟ್ಟಿದರೆ ಕಂಪನಿ ತೆರಿಗೆ ಕಟ್ಟಬೇಕು. 2018ರಲ್ಲಿ ತೆರಿಗೆ ಜಾರಿಗೆ ಬರುವ ಮೊದಲೇ ಎಷ್ಟೋ ಕಂಪನಿಗಳು ಸುಮ್ನೆ ಸಕ್ಕರೆ ಇಳಿಸಿಬಿಟ್ಟವು. ಕುಡಿಯುವವರಿಗೆ ಯಾರೂ ಉಪದೇಶ ಮಾಡಲಿಲ್ಲ! ಇಂಗ್ಲೆಂಡಿನಲ್ಲಿ 10–11 ವರ್ಷದ ಹುಡುಗಿಯರಲ್ಲಿ, ತೆರಿಗೆ ಇಲ್ಲದಿದ್ದರೆ ಇರಬಹುದಾಗಿದ್ದಕ್ಕಿಂತ ಬೊಜ್ಜು ಸುಮಾರು ಶೇ. 8ರಷ್ಟು ಕಡಿಮೆ ಎಂದು 2023ರ ಅಧ್ಯಯನ ಅಂದಾಜಿಸಿತು. ಅದೇ ವಯಸ್ಸಿನ ಹುಡುಗರಲ್ಲಿ ಆ ಇಳಿತ ಕಾಣಲಿಲ್ಲ. ಜಾಹೀರಾತುಗಳು ಹುಡುಗರನ್ನು ಬೇರೆ ರೀತಿ ಸೆಳೆಯುತ್ತಿರಬಹುದು ಎಂಬುದು ಸಂಶೋಧಕರ ಊಹೆಗಳಲ್ಲೊಂದು.