ಬಣ್ಣದ ಕೋಶದ ಹುಟ್ಟುಗುಣ

ಕೇಳುಗರಿಗೆ ನಮಸ್ಕಾರ.

ನಿಮ್ಮ ಮೈಮೇಲೆ ಎಲ್ಲಾದರೂ ಒಂದು ಮಚ್ಚೆ ಇದ್ದೇ ಇರುತ್ತದೆ, ಅಲ್ವಾ? ಕೆನ್ನೆಯ ಮೇಲೋ, ಬೆನ್ನಿನ ಮೇಲೋ, ಮೊಣಕೈ ಹತ್ತಿರವೋ. ಆ ಮಚ್ಚೆ ಕಟ್ಟಿದ ಕೋಶದ ಬಗ್ಗೆ ಇವತ್ತು ಮಾತಾಡೋಣ. ಅದಕ್ಕೆ ಮೆಲನೊಸೈಟ್ ಅನ್ನುತ್ತಾರೆ. ಚರ್ಮಕ್ಕೆ, ಕೂದಲಿಗೆ, ಕಣ್ಣಿಗೆ ಬಣ್ಣ ಬರುವುದು ಇಂಥ ಕೋಶಗಳಿಂದ. ಇವೇ ಕೆಟ್ಟರೆ ಮೆಲನೋಮ ಎಂಬ ಕ್ಯಾನ್ಸರ್ ಹುಟ್ಟುತ್ತದೆ. ಚರ್ಮದ ಕ್ಯಾನ್ಸರ್‌ಗಳಲ್ಲಿ ಇದರ ಪಾಲು ಚಿಕ್ಕದು. ಆದರೆ ಚರ್ಮದ ಕ್ಯಾನ್ಸರ್‌ನಿಂದ ಆಗುವ ಸಾವುಗಳಲ್ಲಿ ಹೆಚ್ಚಿನವು ಇದರಿಂದಲೇ. ಯಾಕೆ ಹೀಗೆ? ಉತ್ತರ ಬೇಕಿದ್ದರೆ ಈ ಕೋಶ ಎಲ್ಲಿ ಹುಟ್ಟಿತು ಅನ್ನುವುದನ್ನು ನೋಡಬೇಕು.

ಇದು ಚರ್ಮದಲ್ಲಿ ಹುಟ್ಟಿದ ಕೋಶವೇ ಅಲ್ಲ. ತಾಯಿಯ ಹೊಟ್ಟೆಯಲ್ಲಿ ಭ್ರೂಣ ಇನ್ನೂ ಕೆಲವೇ ವಾರಗಳದ್ದಾಗಿರುವಾಗ, ಬೆನ್ನುಹುರಿ ರೂಪುಗೊಳ್ಳುವ ಜಾಗದ ಅಂಚಿನಲ್ಲಿ ಕೋಶಗಳ ಒಂದು ಗುಂಪು ಕಾಣಿಸಿಕೊಳ್ಳುತ್ತದೆ. ಇವು ಇದ್ದಲ್ಲಿ ಇರುವುದಿಲ್ಲ. ಬೆನ್ನಿನಿಂದ ಹೊರಟು ದೇಹದ ಮೂಲೆ ಮೂಲೆಗೂ ಹೋಗುತ್ತವೆ. ಕೆಲವು ನರಗಳಾಗುತ್ತವೆ, ಕೆಲವು ಮುಖದ ಮೂಳೆಗಳಾಗುತ್ತವೆ. ಇನ್ನು ಕೆಲವು ಚರ್ಮಕ್ಕೆ ಬಂದು ಬಣ್ಣ ಮಾಡಲು ಕೂರುತ್ತವೆ. ಒಂದಷ್ಟು ಒಳಕಿವಿಗೂ ಹೋಗುತ್ತವೆ. ಅಲ್ಲಿ ಅವು ಸರಿಯಾಗಿ ಸೇರದಿದ್ದರೆ ಮಗುವಿಗೆ ಕಿವಿ ಕೇಳಿಸದೇ ಹೋಗಬಹುದು. ಬಣ್ಣದ ಕೋಶಕ್ಕೂ ಕಿವಿಗೂ ನಂಟು ಇದೆ ಅಂತ ತಿಳಿದರೆ ಯಾರಿಗಾದರೂ ಆಶ್ಚರ್ಯ ಆಗುತ್ತದೆ.

ಚರ್ಮದಲ್ಲಿ ಇದರ ಜಾಗ ಮೇಲ್ಪದರದ ತಳ. ಅಲ್ಲಿ ಕೂತು ಮೆಲನಿನ್ ಎಂಬ ಬಣ್ಣವನ್ನು ತಯಾರಿಸಿ, ಸಣ್ಣ ಸಣ್ಣ ಚೀಲಗಳಲ್ಲಿ ತುಂಬುತ್ತದೆ. ತನ್ನ ಉದ್ದನೆಯ ಕೈಗಳನ್ನು ಚಾಚಿ ಅಕ್ಕಪಕ್ಕದ ಸುಮಾರು 36 ಚರ್ಮಕೋಶಗಳಿಗೆ ಆ ಚೀಲಗಳನ್ನು ಹಂಚುತ್ತದೆ. ಪಡೆದ ಕೋಶ ಅದನ್ನು ಎಲ್ಲೆಂದರಲ್ಲಿ ಇಟ್ಟುಕೊಳ್ಳುವುದಿಲ್ಲ. ಡಿಎನ್‌ಎ ಇರುವ ನಡುಬೀಜದ ಮೇಲೆ, ಬಿಸಿಲು ಬೀಳುವ ಕಡೆಗೇ ಕೊಡೆ ಹಿಡಿದ ಹಾಗೆ ಜೋಡಿಸಿಕೊಳ್ಳುತ್ತದೆ. ಕಪ್ಪಗಿನ ಮೈಯಲ್ಲಿ ಈ ಕೋಶಗಳು ಜಾಸ್ತಿ, ಬಿಳಿ ಮೈಯಲ್ಲಿ ಕಡಿಮೆ ಅಂತ ನಾವು ಅಂದುಕೊಳ್ಳುತ್ತೇವೆ. ಹಾಗಿಲ್ಲ. ಎಣಿಕೆ ಎಲ್ಲರಲ್ಲೂ ಹೆಚ್ಚುಕಡಿಮೆ ಒಂದೇ. ಬೇರೆಯಾಗುವುದು ಚೀಲಗಳ ಗಾತ್ರ, ಅವುಗಳ ಸಂಖ್ಯೆ, ಒಳಗಿನ ಬಣ್ಣದ ಬಗೆ.

ಬಿಸಿಲಿಗೆ ಹೋದರೆ ಮೈ ಕಪ್ಪಾಗುವುದು ಹೇಗೆ ಅಂತ 2007ರಲ್ಲಿ ಡೇವಿಡ್ ಫಿಶರ್ ಅವರ ತಂಡ ವಿವರವಾಗಿ ತೋರಿಸಿತು. ಬಿಸಿಲಿನ ಅತಿನೇರಳೆ ಕಿರಣಗಳು ಚರ್ಮಕೋಶದ ಡಿಎನ್‌ಎಗೆ ಪೆಟ್ಟು ಕೊಡುತ್ತವೆ. ಪೆಟ್ಟು ಬಿದ್ದದ್ದನ್ನು ಪಿ53 ಎಂಬ ಪ್ರೋಟೀನ್ ಗುರುತಿಸುತ್ತದೆ. ಆಗ ಚರ್ಮಕೋಶದಿಂದ ಒಂದು ಹಾರ್ಮೋನ್ ಹೊರಬಂದು ಬಣ್ಣದ ಕೋಶಕ್ಕೆ ಸುದ್ದಿ ಮುಟ್ಟಿಸುತ್ತದೆ. ಅಂದರೆ ಮೈ ಕಪ್ಪಾಗುವ ಹೊತ್ತಿಗೆ ಡಿಎನ್‌ಎಗೆ ಪೆಟ್ಟು ಬಿದ್ದೇ ಬಿದ್ದಿರುತ್ತದೆ. ಚಂದಕ್ಕಾಗಿ ಯಂತ್ರದ ಬೆಳಕಿನಲ್ಲಿ ಮಲಗಿ ಮೈ ಕಂದಾಗಿಸಿಕೊಳ್ಳುವ ಅಭ್ಯಾಸವನ್ನು ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ 2009ರಲ್ಲಿ ಕ್ಯಾನ್ಸರ್ ತರುವ ಸಂಗತಿಗಳ ಮೊದಲ ವರ್ಗಕ್ಕೆ ಸೇರಿಸಿತು. ಆಸ್ಟ್ರೇಲಿಯಾದಲ್ಲಿ 2015ರ ಆರಂಭದಿಂದ ಬಹುತೇಕ ಎಲ್ಲ ಕಡೆ ಅಂಥ ಅಂಗಡಿಗಳನ್ನೇ ಮುಚ್ಚಿಸಿದರು. ಒಳ್ಳೆಯದೇ ಮಾಡಿದರು.

ಈಗ ಮತ್ತೆ ಮಚ್ಚೆಗೆ ಬರೋಣ. 2002ರಲ್ಲಿ ಇಂಗ್ಲೆಂಡಿನ ಸ್ಯಾಂಗರ್ ಸಂಸ್ಥೆಯ ವಿಜ್ಞಾನಿಗಳು ಮೆಲನೋಮ ಗಡ್ಡೆಗಳಲ್ಲಿ ಬಿರಾಫ್ ಎಂಬ ಜೀನ್ ಕೆಟ್ಟಿರುವುದನ್ನು ಕಂಡರು. ಸುಮಾರು ಅರ್ಧದಷ್ಟು ಮೆಲನೋಮಗಳಲ್ಲಿ ಈ ದೋಷ ಇದೆ. ಅದರಲ್ಲೂ ಬಹುಪಾಲು ಕಡೆ ದೋಷ ಒಂದೇ ಜಾಗದಲ್ಲಿ. ಇದರಿಂದ ಕೋಶಕ್ಕೆ 'ಬೆಳೆ, ಬೆಳೆ' ಅಂತ ಬಿಡುವಿಲ್ಲದೆ ಸೂಚನೆ ಹೋಗುತ್ತಿರುತ್ತದೆ. ಮರುವರ್ಷವೇ ಇನ್ನೊಂದು ಸಂಗತಿ ಗೊತ್ತಾಯಿತು. ಏನೂ ತೊಂದರೆ ಕೊಡದ ಸಾಮಾನ್ಯ ಮಚ್ಚೆಗಳಲ್ಲೂ ಇದೇ ದೋಷ ಇದೆ! ಹಾಗಾದರೆ ಅವು ಯಾಕೆ ಕ್ಯಾನ್ಸರ್ ಆಗುವುದಿಲ್ಲ? ಕೋಶಗಳು ಒಂದಷ್ಟು ಬೆಳೆದು, ಆಮೇಲೆ ತಾವಾಗಿಯೇ ನಿಂತುಬಿಡುತ್ತವೆ. ಒಳಗಿನ ಕಾವಲು ಜೀನ್‌ಗಳು ಅವನ್ನು ಹಿಡಿದಿಡುತ್ತವೆ. ಹೀಗೆ ನಿಂತ ಬೆಳವಣಿಗೆಯೇ ನಾವು ದಿನಾ ಕನ್ನಡಿಯಲ್ಲಿ ನೋಡುವ ಮಚ್ಚೆ. ಬಹುಪಾಲು ಮಚ್ಚೆಗಳು ಕೊನೆಯವರೆಗೂ ಹೀಗೇ ಇದ್ದುಬಿಡುತ್ತವೆ.

ನಿಂತದ್ದು ಮತ್ತೆ ಹೊರಡುವ ಆ ಗಳಿಗೆಯನ್ನು ಕಣ್ಣಾರೆ ನೋಡಲು ಆಗುತ್ತದೆಯೇ? ಬಾಸ್ಟನ್‌ನಲ್ಲಿ ಲಿಯೊನಾರ್ಡ್ ಝಾನ್ ಅವರ ಪ್ರಯೋಗಶಾಲೆ ನೋಡಿತು. ನನಗೆ ಈ ಇಡೀ ಸಂಶೋಧನೆಯಲ್ಲಿ ತುಂಬಾ ಇಷ್ಟವಾದ ಭಾಗ ಇದು. ಅವರು ಆರಿಸಿಕೊಂಡದ್ದು ಜೀಬ್ರಾಫಿಶ್ ಎಂಬ ಬೆರಳುದ್ದದ ಪಟ್ಟೆಮೀನು. ಅದರ ಬಣ್ಣದ ಕೋಶಗಳಿಗೆಲ್ಲ ಮನುಷ್ಯನ ಕೆಟ್ಟ ಬಿರಾಫ್ ಜೀನ್ ಸೇರಿಸಿದರು. ಪಿ53ರ ಕಾವಲನ್ನೂ ತೆಗೆದರು. ಕ್ಯಾನ್ಸರ್‌ಗೆ ಬೇಕಾದದ್ದೆಲ್ಲ ಸಿದ್ಧ. ಆದರೂ ಒಂದು ಮೀನಿಗೆ ಇಡೀ ಬದುಕಿನಲ್ಲಿ ಬರುತ್ತಿದ್ದದ್ದು ಒಂದೋ ಎರಡೋ ಮೂರೋ ಗಡ್ಡೆ ಮಾತ್ರ. ಉಳಿದ ಅಷ್ಟೂ ಕೋಶಗಳು ಸುಮ್ಮನಿದ್ದವು. ಭ್ರೂಣದಲ್ಲಿ ಊರೂರು ತಿರುಗುವ ಆ ಹಳೆಯ ಕೋಶಗಳಲ್ಲಿ ಮಾತ್ರ ಚುರುಕಾಗಿರುವ ಒಂದು ಜೀನ್ ಈ ಮೀನಿನಲ್ಲಿ ಇದೆ. ಬೆಳೆದ ಮೀನಿನಲ್ಲಿ ಅದು ಆರಿಹೋಗಿರುತ್ತದೆ. ಅದು ಮತ್ತೆ ಎದ್ದರೆ ಕೋಶ ಹಸಿರಾಗಿ ಹೊಳೆಯುವಂತೆ ಅವರು ಮಾಡಿದರು. ಆಮೇಲೆ ಕಾದರು. ಒಂದು ದಿನ ಮೀನಿನ ಮೈಮೇಲೆ ಒಂದೇ ಒಂದು ಕೋಶ ಹಸಿರಾಯಿತು. ಅದು ಹಲವಾಯಿತು. ವಾರಗಳು ಕಳೆದಂತೆ ಅದೇ ಜಾಗದಲ್ಲಿ ಗಡ್ಡೆ ಬೆಳೆಯಿತು. 2016ರಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಹಾಗೆಯೇ. ಜೀನ್ ಕೆಟ್ಟ ಮಾತ್ರಕ್ಕೆ ಬಣ್ಣದ ಕೋಶ ಕ್ಯಾನ್ಸರ್ ಆಗಲಿಲ್ಲ. ತಾನು ಭ್ರೂಣದಲ್ಲಿ ಏನಾಗಿತ್ತೋ ಅದಕ್ಕೆ ಮರಳಿದಾಗ ಆಯಿತು. ಮೆಲನೋಮ ಅಷ್ಟು ಬೇಗ ಶ್ವಾಸಕೋಶಕ್ಕೆ, ಪಿತ್ತಜನಕಾಂಗಕ್ಕೆ, ಮೆದುಳಿಗೆ ಹಬ್ಬುವುದಕ್ಕೂ ಈ ಹಳೆಯ ಅಲೆದಾಟದ ಗುಣಕ್ಕೂ ಸಂಬಂಧ ಇದೆ ಅಂತ ಸಂಶೋಧಕರು ಹೇಳುತ್ತಾರೆ. ಅದಕ್ಕೇ ಈ ರೋಗದಲ್ಲಿ ಮಿಲಿಮೀಟರ್ ಲೆಕ್ಕಕ್ಕೂ ಅಷ್ಟು ಬೆಲೆ. ಗಡ್ಡೆ ಎಷ್ಟು ಆಳಕ್ಕೆ ಇಳಿದಿದೆ ಎಂಬ ಅಳತೆಯೇ ಮುಂದೇನು ಅಂತ ಹೇಳುತ್ತದೆ ಎಂದು 1970ರಲ್ಲಿ ಅಲೆಕ್ಸಾಂಡರ್ ಬ್ರೆಸ್ಲೊ ತೋರಿಸಿಕೊಟ್ಟರು. ಒಂದು ಮಿಲಿಮೀಟರ್ ಒಳಗೆ ಸಿಕ್ಕರೆ, ಹೆಚ್ಚಿನವರಿಗೆ ಆ ಜಾಗ ಕತ್ತರಿಸಿ ತೆಗೆದರೆ ಸಾಕು, ಗುಣವಾಗುತ್ತದೆ.

ಹಬ್ಬಿದ ಮೇಲೆ ಸಿಕ್ಕರೆ? ಬಹಳ ಕಾಲ ವೈದ್ಯರ ಕೈಯಲ್ಲಿ ಹೆಚ್ಚೇನೂ ಇರಲಿಲ್ಲ. ಅರ್ಧಕ್ಕಿಂತ ಹೆಚ್ಚು ಮಂದಿ ಒಂದು ವರ್ಷ ದಾಟುತ್ತಿರಲಿಲ್ಲ. 2011ರಲ್ಲಿ ಎರಡು ಹೊಸ ಔಷಧಿಗಳಿಗೆ ಒಪ್ಪಿಗೆ ಸಿಕ್ಕಿತು. ಒಂದು ವೆಮುರಾಫೆನಿಬ್. ಅದು ಕೆಟ್ಟ ಬಿರಾಫ್‌ನ ಬಾಯಿ ಮುಚ್ಚಿಸುತ್ತದೆ. ಗಡ್ಡೆಗಳು ನೋಡನೋಡುತ್ತಿದ್ದಂತೆ ಕರಗುತ್ತಿದ್ದವು. ಆದರೆ ಬಹಳ ಮಂದಿಯಲ್ಲಿ ಕೆಲವೇ ತಿಂಗಳಲ್ಲಿ ಮತ್ತೆ ಬೆಳೆದವು. ಇನ್ನೊಂದು ಇಪಿಲಿಮುಮಾಬ್. ಇದು ಗಡ್ಡೆಯ ತಂಟೆಗೇ ಹೋಗುವುದಿಲ್ಲ. ನಮ್ಮ ಬಿಳಿ ರಕ್ತಕಣಗಳಿಗೆ ಹಾಕಿರುವ ಬ್ರೇಕನ್ನು ಸಡಿಲ ಮಾಡುತ್ತದೆ, ಮುಂದಿನ ಕೆಲಸ ಅವೇ ಮಾಡುತ್ತವೆ. ಈ ದಾರಿ ತೆರೆದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು. ಇಪಿಲಿಮುಮಾಬ್ ಜತೆಗೆ, ಹೀಗೇ ಬ್ರೇಕ್ ಸಡಿಲಿಸುವ ನಿವೊಲುಮಾಬ್ ಎಂಬ ಔಷಧಿಯನ್ನೂ ಪಡೆದವರ ಹತ್ತು ವರ್ಷದ ಲೆಕ್ಕ 2024ರಲ್ಲಿ ಹೊರಬಂತು. ನೂರಕ್ಕೆ 43 ಮಂದಿ ಬದುಕಿದ್ದರು.

ಈ ಚಿಕಿತ್ಸೆ ಪಡೆದ ಕೆಲವರ ಮೈಮೇಲೆ ತೊನ್ನಿನ ಬಿಳಿ ಮಚ್ಚೆಗಳು ಕಾಣಿಸಿಕೊಳ್ಳುತ್ತವೆ. ಗಾಬರಿಯಾಗುವುದು ಸಹಜ. ಆದರೆ ಹೀಗೆ ಮೈ ಬೆಳ್ಳಗಾದವರಲ್ಲಿ ಔಷಧಿ ಚೆನ್ನಾಗಿ ಕೆಲಸ ಮಾಡಿರುವುದೇ ಹೆಚ್ಚು. ರಕ್ತಕಣಗಳು ಕೆಟ್ಟ ಬಣ್ಣದ ಕೋಶವನ್ನು ಹುಡುಕಿಕೊಂಡು ಹೋಗುವಾಗ ಒಳ್ಳೆಯದನ್ನೂ ಹೊಡೆಯುತ್ತವೆ. ಎರಡರ ಗುರುತೂ ಒಂದೇ. ಹಾಗಾಗಿಯೇ ತೊನ್ನನ್ನು ಓದುವವರೂ ಮೆಲನೋಮವನ್ನು ಓದುವವರೂ ಇವತ್ತು ಒಬ್ಬರ ಫಲಿತಾಂಶಕ್ಕೆ ಇನ್ನೊಬ್ಬರು ಕಾಯುತ್ತಾರೆ.

ಇನ್ನೊಂದು ವಿಷಯ ಹೇಳಲೇಬೇಕು. ಕಪ್ಪು, ಕಂದು ಮೈಬಣ್ಣದವರಲ್ಲಿ ಮೆಲನೋಮ ಅಪರೂಪ, ನಿಜ. ಬಂದರೆ ಅದು ಹೆಚ್ಚಾಗಿ ಬರುವುದು ಅಂಗಾಲು, ಅಂಗೈ, ಉಗುರಿನ ಕೆಳಗೆ. ಇದು ಬಿಸಿಲಿನಿಂದ ಬರುವುದಲ್ಲ. ಗಾಯಕ ಬಾಬ್ ಮಾರ್ಲಿ 1981ರಲ್ಲಿ, ಬರೀ 36ನೇ ವಯಸ್ಸಿನಲ್ಲಿ ತೀರಿಕೊಂಡದ್ದು ಕಾಲ್ಬೆರಳಿನ ಉಗುರಿನ ಕೆಳಗೆ ಶುರುವಾದ ಇಂಥ ಮೆಲನೋಮದಿಂದ. ಏಟು ಬಿದ್ದ ಗುರುತು ಅಂತಲೋ, ಆಣಿ ಅಂತಲೋ ಜನ ಇದನ್ನು ಸುಮ್ನೆ ಬಿಟ್ಟಿರುತ್ತಾರೆ. ಎಷ್ಟೋ ಸಲ ವೈದ್ಯರಿಗೂ ಅನುಮಾನ ಬರುವುದಿಲ್ಲ. ಉಗುರಿನಲ್ಲಿ ಉದ್ದಕ್ಕೆ ಕಪ್ಪು ಗೆರೆ ಇರುವುದು ಕಪ್ಪು ಮೈಯವರಲ್ಲಿ ಮಾಮೂಲು. ಆದರೆ ಒಂದೇ ಬೆರಳಲ್ಲಿ ಹೊಸದಾಗಿ ಬಂದ ಗೆರೆ ಅಗಲವಾಗುತ್ತಿದ್ದರೆ, ಅಥವಾ ಆ ಕಪ್ಪು ಉಗುರಿನ ಬುಡದ ಚರ್ಮಕ್ಕೂ ಹರಡಿದ್ದರೆ, ಚರ್ಮದ ವೈದ್ಯರಿಗೆ ತೋರಿಸಬೇಕು. ಬೇಕಾದರೆ ಅವರು ಬಯಾಪ್ಸಿ ಮಾಡುತ್ತಾರೆ, ಅಂದರೆ ಒಂದು ಸಣ್ಣ ತುಣುಕು ತೆಗೆದು ಪರೀಕ್ಷಿಸುತ್ತಾರೆ.

ಈ ಬಗೆಯ ಗಡ್ಡೆ ಹೊಸ ಔಷಧಿಗಳಿಗೆ ಅಷ್ಟಾಗಿ ಬಗ್ಗುವುದಿಲ್ಲ. ದೊಡ್ಡ ದೊಡ್ಡ ಪರೀಕ್ಷೆಗಳೆಲ್ಲ ಬಹುತೇಕ ಬಿಳಿಯರ ಮೇಲೆಯೇ ನಡೆದಿವೆ. ಅದು ಸರಿಯಲ್ಲ. 2022ರಲ್ಲಿ ನ್ಯೂಯಾರ್ಕಿನ ರಿಚರ್ಡ್ ವೈಟ್ ಅವರ ತಂಡ, ಮತ್ತೆ ಅದೇ ಪಟ್ಟೆಮೀನಿನಲ್ಲಿ, ಕೈಕಾಲಿನ ಮೆಲನೋಮದಲ್ಲಿ ಹೆಚ್ಚಾಗಿರುವ ಸಿಆರ್‌ಕೆಎಲ್ ಎಂಬ ಜೀನ್ ಅನ್ನು ಜಾಸ್ತಿ ಮಾಡಿ ನೋಡಿತು. ಗಡ್ಡೆಗಳು ಮೀನಿನ ರೆಕ್ಕೆಗಳ ಕಡೆಗೆ ವಾಲಿದವು. ಮೀನಿಗೆ ರೆಕ್ಕೆ ಅಂದರೆ ನಮಗೆ ಕೈಕಾಲು. ಬಣ್ಣದ ಕೋಶ ಎಲ್ಲಿ ಹೋಗಿ ನೆಲೆಸಿದೆ ಎಂಬುದರ ಮೇಲೆ ಅದನ್ನು ಯಾವ ಜೀನ್ ಕೆಡಿಸಬಲ್ಲದು ಅನ್ನುವುದು ನಿಂತಿದೆ ಅಂತಾಯಿತು. ಬೆನ್ನಿನ ಮೆಲನೋಮಕ್ಕೆ ಮಾಡಿದ ಔಷಧಿಯನ್ನೇ ಅಂಗಾಲಿನದಕ್ಕೂ ಕೊಡುವುದರ ಬದಲು, ಅಂಗಾಲಿನದಕ್ಕೇ ಬೇರೆ ಔಷಧಿ ಹುಡುಕುವ ಕೆಲಸಕ್ಕೆ ಈಗ ಒಂದು ದಾರಿ ಸಿಕ್ಕಿದೆ.

ನಮಸ್ಕಾರ.