ಹೋಟೆಲಿನ ಐಸು, ಇಂಗ್ಲಿಷರ ಕಿತ್ತಳೆ ಹಣ್ಣು

ಎಲ್ಲರಿಗೂ ನಮಸ್ಕಾರ.

ಆಲ್ಪ್ಸ್ ಅಂದ ಕೂಡಲೇ ಸ್ಕೀಯಿಂಗ್ ನೆನಪಾಗುತ್ತದೆ, ಅಲ್ವಾ? ಆದರೆ ಆ ಊರುಗಳಿಗೆ ಚಳಿಗಾಲದಲ್ಲಿ ಜನ ಬರತೊಡಗಿದಾಗ ಮೊದಲು ಜೋರಾಗಿದ್ದು ಸ್ಕೇಟಿಂಗ್, ಅಂದರೆ ಕಾಲಿಗೆ ಲೋಹದ ಅಲಗು ಕಟ್ಟಿಕೊಂಡು ಐಸಿನ ಮೇಲೆ ಜಾರುವುದು. ಅದಕ್ಕೂ ಮೊದಲು ಬಂದದ್ದು ಕ್ಷಯರೋಗ.

ಸ್ವಿಟ್ಜರ್ಲೆಂಡಿನ ದಾವೋಸ್ ಸುಮಾರು 1,560 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಒಣ ಗಾಳಿ ಕ್ಷಯಕ್ಕೆ ಮದ್ದು ಎಂದು ಅಲೆಕ್ಸಾಂಡರ್ ಸ್ಪೆಂಗ್ಲರ್ ಎಂಬ ಡಾಕ್ಟರು ನಂಬಿದ್ದರು. 1865ರ ಫೆಬ್ರವರಿಯಲ್ಲಿ ಇಬ್ಬರು ರೋಗಿಗಳು ಹಿಮದ ನಡುವೆಯೇ ಅಲ್ಲಿಗೆ ಬಂದಿಳಿದರು. ಅತ್ತ ಸೇಂಟ್ ಮೊರಿಟ್ಸ್‌ನಲ್ಲಿ ಹೋಟೆಲ್ ಮಾಲೀಕ ಯೋಹಾನೆಸ್ ಬಾದ್ರುಟ್ 1864ರಲ್ಲಿ ಇಂಗ್ಲಿಷ್ ಅತಿಥಿಗಳ ಜತೆ ಪಂದ್ಯ ಕಟ್ಟಿದರಂತೆ: ಚಳಿಗಾಲದಲ್ಲಿ ಬನ್ನಿ, ಬಿಸಿಲು ಇಷ್ಟವಾಗದಿದ್ದರೆ ದಾರಿಖರ್ಚು ನನ್ನದು. ಹೋಟೆಲಿನವರು ಹೇಳುವ ಕಥೆ, ಸ್ವಲ್ಪ ಉಪ್ಪುಖಾರ ಸೇರಿರಬಹುದು.

ಸರಿ, ಬಂದವರು ದಿನವಿಡೀ ಮಾಡುವುದೇನು? ರೋಗಿಗಳ ಜತೆ ಬಂದ ಅಣ್ಣತಮ್ಮಂದಿರಿಗೆ ಕೆಮ್ಮೂ ಇಲ್ಲ, ಕೆಲಸವೂ ಇಲ್ಲ. ಇಂಗ್ಲಿಷರಿಗೆ ಸ್ಕೇಟಿಂಗ್ ಹುಚ್ಚು ಮೊದಲೇ ಇತ್ತು, ಅವರ ಊರಿನಲ್ಲಿ ನಂಬುವಂಥ ಐಸ್ ಇರಲಿಲ್ಲ ಅಷ್ಟೆ. 1867ರ ಜನವರಿಯಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕ್ ಕೆರೆಯ ಐಸ್ ಒಡೆದು 40 ಜನ ಸತ್ತರು. ಆಲ್ಪ್ಸ್‌ನಲ್ಲಿ ಆ ಭಯವಿಲ್ಲ. ಸಮತಟ್ಟಾದ ನೆಲಕ್ಕೇ ರಾತ್ರಿ ನೀರು ಹಾಯಿಸುತ್ತಿದ್ದರು. ಅಂಗಳಕ್ಕೆ ಸಗಣಿ ಸಾರಿಸಿದ ಹಾಗೆ ತೆಳ್ಳಗೆ, ಒಂದು ಪದರ ಗಟ್ಟಿಯಾದ ಮೇಲೆ ಇನ್ನೊಂದು. ಹಿಮ ಬಿದ್ದರೆ ಗುಡಿಸಬೇಕು. ಹಗಲಿನ ಬಿಸಿಲಿಗೆ ಮೆತ್ತಗಾದದ್ದು ರಾತ್ರಿ ಮತ್ತೆ ಕಲ್ಲಾಗುತ್ತಿತ್ತು.

ಈ ಐಸಿನ ಮೇಲೆ ಇಂಗ್ಲಿಷರು ಆಡಿದ ಆಟ ನೋಡಬೇಕಿತ್ತು. ನಡುವೆ ಒಂದು ಕಿತ್ತಳೆ ಹಣ್ಣು ಇಡುತ್ತಿದ್ದರು. ಹೌದು, ನಿಜವಾದ ಕಿತ್ತಳೆ. ಸುತ್ತ ನಾಲ್ವರು. ಒಬ್ಬ ಜೋರಾಗಿ ಕೂಗಿ ಹೇಳಿದಂತೆ ನಾಲ್ವರೂ ಒಟ್ಟಿಗೆ ದೊಡ್ಡ ದೊಡ್ಡ ಕಮಾನು ಬಿಡಿಸುತ್ತ ಹಣ್ಣಿನ ಹತ್ತಿರ ಬರಬೇಕು, ಹಾಗೇ ದೂರ ಹೋಗಬೇಕು. ಮೈ ನೆಟ್ಟಗೆ. ಊರಿದ ಕಾಲಿನ ಮಂಡಿ ಬಗ್ಗಬಾರದು. ಇನ್ನೊಂದು ಕಾಲು ಪಕ್ಕಕ್ಕೆ ಅಂಟಿಕೊಂಡಿರಬೇಕು. ಕೈ ಬೀಸಿದರೆ ಮರ್ಯಾದೆ ಹೋಯಿತು! ಕವಾಯತಿನಂತೆ ಕಂಡರೂ ಬಲು ಕಷ್ಟದ ವಿದ್ಯೆ. ಇದಕ್ಕೆ ದೊಡ್ಡದಾದ, ಗೀರಿಲ್ಲದ ಐಸ್ ಬೇಕು. ಹೋಟೆಲಿನವರು ಕೊಟ್ಟದ್ದು ಅದನ್ನೇ.

ಆದರೆ ಅಲ್ಲಿಗೆ ಬರುತ್ತಿದ್ದವರು ಇಂಗ್ಲಿಷರು ಮಾತ್ರವಲ್ಲ. 1860ರ ದಶಕದಲ್ಲಿ ಅಮೆರಿಕದ ಜಾಕ್ಸನ್ ಹೇನ್ಸ್ ವಿಯೆನ್ನಾದಲ್ಲಿ ಸಂಗೀತಕ್ಕೆ ಸರಿಯಾಗಿ ಕುಣಿಯುತ್ತ ಸ್ಕೇಟ್ ಮಾಡಿ ತೋರಿಸಿದ್ದರು. ಮಂಡಿ ಬಗ್ಗಿಸಿ, ಕೈ ಚಾಚಿ. ಆ ಶೈಲಿಯವರೂ ಆಲ್ಪ್ಸ್‌ಗೆ ಬಂದರು. 1890ರಲ್ಲಿ ದಾವೋಸ್‌ಗೆ ರೈಲು ತಲುಪಿದ ಮೇಲಂತೂ ಜನ ಜಾಸ್ತಿಯಾದರು. 1898ರಲ್ಲಿ ಅಲ್ಲಿ ವಿಶ್ವ ಸ್ಪೀಡ್ ಸ್ಕೇಟಿಂಗ್ ಚಾಂಪಿಯನ್‌ಶಿಪ್ ನಡೆಯಿತು. ಮರುವರ್ಷ ಯುರೋಪಿಯನ್ ಫಿಗರ್ ಸ್ಕೇಟಿಂಗ್, ಅಂದರೆ ವೇಗಕ್ಕಲ್ಲ, ಐಸಿನ ಮೇಲೆ ಆಕೃತಿ ಬಿಡಿಸುವ ಚಂದಕ್ಕೆ ಸ್ಪರ್ಧೆ. ಗೆದ್ದವರು ಸ್ವೀಡನ್ನಿನ ಉಲ್ರಿಕ್ ಸಾಲ್ಕೋವ್. 1900ರಲ್ಲಿ ವಿಶ್ವ ಫಿಗರ್ ಸ್ಕೇಟಿಂಗ್, ಗೆಲುವು ವಿಯೆನ್ನಾದ ಗುಸ್ತಾವ್ ಹ್ಯೂಗೆಲ್‌ಗೆ. ಈ ಹೊಸ ಶೈಲಿಯ ಎದುರು ಕಿತ್ತಳೆ ಹಣ್ಣಿನವರು ಮೂಲೆಗೆ ಸರಿದರು.

ಮ್ಯಾಜ್ ಸಯರ್ಸ್ ಅವರನ್ನು ಮಾತ್ರ ಬಿಡುವ ಹಾಗಿಲ್ಲ. ಹೆಂಗಸರು ಬರಕೂಡದು ಎಂದು ನಿಯಮದಲ್ಲಿ ಬರೆದಿರಲಿಲ್ಲ. ಹಾಗಾಗಿ ಈ ಇಂಗ್ಲಿಷ್ ಮಹಿಳೆ 1902ರಲ್ಲಿ ಲಂಡನ್ನಿನ ವಿಶ್ವ ಫಿಗರ್ ಸ್ಕೇಟಿಂಗ್ ಸ್ಪರ್ಧೆಗೆ ಸುಮ್ನೆ ಹೆಸರು ಕೊಟ್ಟರು. ಗಂಡಸರ ನಡುವೆ ಎರಡನೆಯವರಾದರು. ಆಮೇಲೆ ನಿಯಮ ಬರೆದು ಹೆಂಗಸರನ್ನು ಹೊರಗಿಟ್ಟರು! 1906ರಲ್ಲಿ ಹೆಂಗಸರಿಗೇ ಬೇರೆ ಸ್ಪರ್ಧೆ ಶುರುವಾಯಿತು, ಅದೂ ದಾವೋಸ್‌ನಲ್ಲಿ. ಮೊದಲ ಸಲ ಗೆದ್ದವರು ಅವರೇ.

ಇನ್ನು ಆ ಗ್ಯಾರಂಟಿ ಐಸಿನ ಮಾತು. 1928ರಲ್ಲಿ ಸೇಂಟ್ ಮೊರಿಟ್ಸ್‌ನಲ್ಲೇ ಚಳಿಗಾಲದ ಒಲಿಂಪಿಕ್ಸ್ ನಡೆಯಿತು. 10,000 ಮೀಟರ್ ಸ್ಪೀಡ್ ಸ್ಕೇಟಿಂಗ್ ನಡೆಯುತ್ತಿತ್ತು. ಅಮೆರಿಕದ ಅರ್ವಿಂಗ್ ಜಾಫಿ ಮುಂದಿದ್ದರು. ಅಷ್ಟರಲ್ಲಿ ಸೆಖೆ ಏರಿ ಐಸ್ ಕರಗಿತು. ಸ್ಪರ್ಧೆ ರದ್ದು, ಪದಕ ಯಾರಿಗೂ ಇಲ್ಲ.