ನೊಗದ ಮೇಲಿನ ಭಾರ

ಮಾನ್ಯರೆ, ವಿದ್ಯಾರ್ಥಿ ಮಿತ್ರರೆ,

ನಮ್ಮ ರಾಯಚೂರಿನ ಕೋಟೆಗೋಡೆಯಲ್ಲಿ ಸುಮಾರು 42 ಅಡಿ ಉದ್ದದ ಒಂದೇ ಕಲ್ಲಿದೆ. ಅದರ ಮೇಲೆ 1294ರ ತೆಲುಗು ಶಾಸನವಿರುವುದರಿಂದ ಇತಿಹಾಸದ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ಯುತ್ತಾರೆ. ಭೌತವಿಜ್ಞಾನದವರೂ ಕರೆದೊಯ್ಯಬೇಕೆಂಬುದು ನನ್ನ ಬಹುದಿನದ ಆಗ್ರಹ. ಆ ಕಲ್ಲನ್ನು ಸಾಗಿಸಿದ ಬಗೆಯನ್ನೂ ಅದೇ ಗೋಡೆಯ ಮೇಲೆ ಚಿತ್ರಿಸಲಾಗಿದೆ. ಉದ್ದನೆಯ ಬಂಡಿಯೊಂದನ್ನು ಕೋಣಗಳ ಸಾಲು ಎಳೆಯುತ್ತಿದೆ, ಹಿಂದಿನಿಂದ ಆಳುಗಳು ಗಾಲಿಗಳಿಗೆ ಸನ್ನೆಗೋಲು ಕೊಟ್ಟು ಮೀಟುತ್ತಿದ್ದಾರೆ. ಅಷ್ಟೊಂದು ಕೋಣಗಳಿರುವಾಗ ಕೋಲು ಹಿಡಿದ ಕೆಲವು ಮನುಷ್ಯರಿಂದ ಏನಾದೀತು ಎಂಬ ಪ್ರಶ್ನೆಯೇ ಇಂದಿನ ಉಪನ್ಯಾಸದ ವಿಷಯ.

ಎರಡು ಮೀಟರ್ ಉದ್ದದ ಕೋಲಿಗೆ ತುದಿಯಿಂದ 20 ಸೆಂಟಿಮೀಟರ್ ದೂರದಲ್ಲಿ ಆಧಾರ ಕೊಟ್ಟರೆ, ಆಳಿನ ಕೈ ಆಧಾರದಿಂದ 180 ಸೆಂಟಿಮೀಟರ್ ದೂರ ಉಳಿಯುತ್ತದೆ, ಅಂದರೆ ಒಂಬತ್ತು ಪಟ್ಟು. ಅವನು 40 ಕಿಲೋಗ್ರಾಂ ತೂಕದಷ್ಟು ಒತ್ತಿದರೆ ಇನ್ನೊಂದು ತುದಿಯಲ್ಲಿ 360 ಕಿಲೋಗ್ರಾಂ ಭಾರ ಏಳುತ್ತದೆ. (ಬಲವನ್ನು ನ್ಯೂಟನ್‌ಗಳಲ್ಲಿ ಹೇಳಬೇಕೆಂಬ ಶಿಸ್ತನ್ನು ಇಂದು ಒಂದಿಷ್ಟು ಸಡಿಲಿಸಿದ್ದೇನೆ, ಪರೀಕ್ಷೆಯಲ್ಲಿ ನೀವು ಹಾಗೆ ಮಾಡಬೇಡಿ.) ಇದರಲ್ಲಿ ಪುಕ್ಕಟೆಯಾಗಿ ಬಂದದ್ದು ಏನೂ ಇಲ್ಲ, ಏಕೆಂದರೆ ಭಾರವನ್ನು ಎರಡು ಸೆಂಟಿಮೀಟರ್ ಎತ್ತಲು ಕೈಯನ್ನು 18 ಸೆಂಟಿಮೀಟರ್ ಇಳಿಸಬೇಕು.

ಬಲವನ್ನು, ಆಧಾರಬಿಂದುವಿನಿಂದ ಆ ಬಲದ ರೇಖೆಗೆ ಇರುವ ಲಂಬದೂರದಿಂದ ಗುಣಿಸಿದಾಗ ದೊರೆಯುವುದೇ ಅದರ ತಿರುಗಿಸುವ ಪರಿಣಾಮ, ಅಂದರೆ ಟಾರ್ಕ್. ವಿದ್ಯಾರ್ಥಿಗಳು ಹೆಚ್ಚಾಗಿ ಮರೆಯುವುದು ‘ಲಂಬ’ ಎಂಬ ಮಾತನ್ನು. ಸೈಕಲ್ಲಿನ ಪೆಡಲ್ ನೆತ್ತಿಗೆ ಬಂದಾಗ ಅದರ ಮೇಲೆ ಎದ್ದು ನಿಂತರೂ ಚಕ್ರ ತಿರುಗದು. ನಿಮ್ಮ ತೂಕದ ರೇಖೆ ಆಗ ಅಚ್ಚಿನ ಮೂಲಕವೇ ಹಾದುಹೋಗುವುದರಿಂದ ಲಂಬದೂರ ಸೊನ್ನೆಯಾಗಿರುತ್ತದೆ.

ಇನ್ನು ಸಮತೋಲನಕ್ಕೆ ಬರೋಣ. ಪಠ್ಯಪುಸ್ತಕಗಳು ಇಲ್ಲಿ ತಕ್ಕಡಿಯನ್ನು ತರುತ್ತವೆ. ನನಗೆ ಎತ್ತಿನ ಬಂಡಿಯೇ ಉತ್ತಮ ಉದಾಹರಣೆಯಾಗಿ ಕಾಣುತ್ತದೆ. ನೂರು ಕಿಲೋಗ್ರಾಂನ ಹತ್ತು ಜೋಳದ ಚೀಲಗಳನ್ನು ಹೇರಿದ ಬಂಡಿಯಲ್ಲಿ ಹೇರಿನ ಗುರುತ್ವಕೇಂದ್ರ (ಇಡೀ ತೂಕ ಒಂದೆಡೆ ನೆಲೆಸಿದಂತೆ ವರ್ತಿಸುವ ಬಿಂದು) ಅಚ್ಚಿಗಿಂತ 10 ಸೆಂಟಿಮೀಟರ್ ಮುಂದಿದೆ, ನೊಗ ಅಚ್ಚಿನಿಂದ ಮೂರು ಮೀಟರ್ ದೂರದಲ್ಲಿದೆ ಎಂದಿಟ್ಟುಕೊಳ್ಳಿ. ಅಚ್ಚಿನ ಸುತ್ತ ಟಾರ್ಕ್‌ಗಳನ್ನು ಸರಿದೂಗಿಸಿದರೆ ಎತ್ತುಗಳ ಹೆಗಲ ಮೇಲೆ ಬೀಳುವುದು ಸುಮಾರು 33 ಕಿಲೋಗ್ರಾಂ ಮಾತ್ರ. ಮೇಲ್ಮುಖ ಮತ್ತು ಕೆಳಮುಖ ಬಲಗಳೂ ಸಮನಾಗಬೇಕಾದುದರಿಂದ ಉಳಿದ 967 ಕಿಲೋಗ್ರಾಂ ಅಚ್ಚಿನ ಪಾಲು. ಈಗ ಎರಡೇ ಚೀಲಗಳನ್ನು ಒಂದು ಮೀಟರ್ ಮುಂದಕ್ಕೆ ಸರಿಸಿ. ಒಟ್ಟು ತೂಕದಲ್ಲಿ ಒಂದು ಹಿಡಿಯೂ ಹೆಚ್ಚಿಲ್ಲ, ಆದರೆ ಗುರುತ್ವಕೇಂದ್ರ 20 ಸೆಂಟಿಮೀಟರ್ ಮುಂದೆ ಬಂದು ಹೆಗಲ ಮೇಲಿನ ಭಾರ 100 ಕಿಲೋಗ್ರಾಂ ಆಯಿತು. ಇದೇ ಮುಂಭಾರ. ಹಿಂಭಾರವಾದರೆ ಮೂಕಿ, ಅಂದರೆ ಬಂಡಿಯಿಂದ ನೊಗದವರೆಗೆ ಚಾಚಿದ ಮರ, ಮೇಲೆದ್ದು ಕೊರಳಹಗ್ಗ ಎತ್ತಿನ ಗಂಟಲನ್ನು ಒತ್ತುತ್ತದೆ. ಹೇರು ಹೇರುವ ರೈತ ಒಂದೊಂದು ಚೀಲವನ್ನೂ ಹಿಂದೆ ಮುಂದೆ ಸರಿಸಿ, ಮೂಕಿಯನ್ನು ಕೈಯಲ್ಲಿ ಎತ್ತಿ ನೋಡುವುದು ಇದೇ ಲೆಕ್ಕವನ್ನು.

ಚೀಲಗಳನ್ನು ಎತ್ತರಕ್ಕೆ ಒಟ್ಟಿದ್ದರೆ ಏರಿನಲ್ಲಿ ಇನ್ನೊಂದು ಪೇಚು ಎದುರಾಗುತ್ತದೆ. ಮೊದಲಿನಂತೆ 10 ಸೆಂಟಿಮೀಟರ್ ಮುಂದಿರುವ ಗುರುತ್ವಕೇಂದ್ರ ಅಚ್ಚಿಗಿಂತ ಒಂದು ಮೀಟರ್ ಮೇಲೂ ಇದ್ದು, ಹಾದಿ ಹತ್ತಕ್ಕೆ ಒಂದರಂತೆ ಏರುತ್ತಿದ್ದರೆ, ಬಂಡಿ ಹಿಂದಕ್ಕೆ ವಾಲಿದೊಡನೆ ಆ ಕೇಂದ್ರವೂ ಸುಮಾರು 10 ಸೆಂಟಿಮೀಟರ್ ಹಿಂದೆ ಸರಿದು ನೊಗದ ಭಾರ ಸೊನ್ನೆಗೆ ಇಳಿಯುತ್ತದೆ. ಎತ್ತುಗಳ ಎಳೆತವನ್ನೂ ಸೇರಿಸಿದರೆ ಸಂಖ್ಯೆ ಸ್ವಲ್ಪ ಬದಲಾದೀತು, ತರ್ಕ ಬದಲಾಗದು. ಏರು ಬಂದಾಗ ಬಂಡಿ ಹೊಡೆಯುವವನು ಮುಂದೆ ಜಿಗಿದು ಮೂಕಿಯ ಮೇಲೆ ಕೂರುವುದು ಸೋಮಾರಿತನದಿಂದಲ್ಲ.

ಕೊಪ್ಪಳ ಜಿಲ್ಲೆಯ ಮುನಿರಾಬಾದಿನ ಕಡೆಯಿಂದ ತುಂಗಭದ್ರಾ ಅಣೆಕಟ್ಟನ್ನು ನೋಡಿದವರಿಗೆ ಅಷ್ಟು ದಪ್ಪದ ಕಲ್ಲುಕಟ್ಟಡವೇಕೆ ಎನಿಸಿರಬಹುದು. ಇಂಥ ಅಣೆಕಟ್ಟು ನಿಲ್ಲುವುದು ತನ್ನ ತೂಕದಿಂದಲೇ. ನೀರಿನ ಒತ್ತಡ ಆಳಕ್ಕೆ ಹೋದಂತೆ ಹೆಚ್ಚುವುದರಿಂದ ಒಟ್ಟು ತಳ್ಳುಬಲ ತಳದಿಂದ ಮೂರನೇ ಒಂದು ಎತ್ತರದಲ್ಲಿ ವರ್ತಿಸುತ್ತದೆ. ನೀರಿನ ಆಳ ಎರಡು ಪಟ್ಟಾದರೆ ತಳ್ಳುಬಲ ನಾಲ್ಕು ಪಟ್ಟು, ಅದು ವರ್ತಿಸುವ ಎತ್ತರ ಎರಡು ಪಟ್ಟು, ಹೀಗಾಗಿ ಅಣೆಕಟ್ಟನ್ನು ಮಗುಚಲು ನೋಡುವ ಟಾರ್ಕ್ ಎಂಟು ಪಟ್ಟಾಗುತ್ತದೆ. ಇದಕ್ಕೆ ಎದುರಾಗಿ ಇರುವುದು ಕಲ್ಲಿನ ತೂಕ ಮತ್ತು ನೀರು ನಿಲ್ಲದ ಬದಿಯ ಬುಡದ ಅಂಚಿನಿಂದ ಆ ತೂಕದ ರೇಖೆಗೆ ಇರುವ ದೂರ. ತಳವನ್ನು ಅಗಲಿಸಿದಾಗ ತೂಕವೂ ದೂರವೂ ಒಟ್ಟಿಗೇ ಹೆಚ್ಚುತ್ತವೆ. ಲೆಕ್ಕ ಇಷ್ಟಕ್ಕೇ ಮುಗಿಯುವುದಿಲ್ಲ. ಅಡಿಪಾಯದ ಬಿರುಕುಗಳಲ್ಲಿ ನುಗ್ಗಿದ ನೀರು ಕಟ್ಟಡವನ್ನು ಕೆಳಗಿನಿಂದ ಮೇಲಕ್ಕೆ ಒತ್ತಿ, ಮಗುಚುವ ಟಾರ್ಕ್‌ನ ಪಕ್ಷವನ್ನೇ ಸೇರುತ್ತದೆ. ಇಂಥ ಅಣೆಕಟ್ಟುಗಳ ಅಡಿಪಾಯದಲ್ಲಿ ರಂಧ್ರಗಳನ್ನು ಕೊರೆದು ಆ ನೀರನ್ನು ಬಸಿದು ಹೊರಹಾಕುವ ಏರ್ಪಾಡು ಮಾಡುವುದು ಆ ಒತ್ತನ್ನು ತಗ್ಗಿಸುವುದಕ್ಕಾಗಿಯೇ.